ಹನ್ನೊಂದನೇ ಅಧ್ಯಾಯದ ಬಾವಿ

ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ನಲ್ಲಿ ಪಕ್ಕದ ಬೆಂಚು ಸೋಮವಾರ ಬೆಳಿಗ್ಗೆ ಪೂರ್ತಿ ಖಾಲಿ ಇತ್ತು ಎಂಬುದನ್ನು ತೀವ್ರ ಕಳವಳದಿಂದ ತಿಳಿಸುತ್ತಿದ್ದೇನೆ. ಅಲ್ಲಿ ಕೂರುವ ನಿವೃತ್ತ ಎಂಜಿನಿಯರ್ ಸಾಹೇಬರು ಆತ್ಮಕಥೆ ಬರೆಯುತ್ತಿರುವ ಸುದ್ದಿ ಹಿಂದಿನ ದಿನ ಹೊರಬಿದ್ದಿತ್ತು. ನಮ್ಮ ಬಡಾವಣೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಅಧಿಕಾರಿಗಳು ನಿವೃತ್ತರಾದ ಮೇಲೆ ಮೊದಲು ಸಕ್ಕರೆ ಬಿಡುತ್ತಾರೆ, ಆಮೇಲೆ ಸತ್ಯ ಹಿಡಿಯುತ್ತಾರೆ.

ಕೆಮ್ಮು

ಸಾಹೇಬರು ಬಂದರೆ ವಾಕಿಂಗ್ ಗುಂಪು ಮಾತು ನಿಲ್ಲಿಸುತ್ತಿತ್ತು. ಹಕ್ಕಿಗಳೂ ನಿಲ್ಲಿಸಿದಂತೆ ನನಗನ್ನಿಸಿತು. ಒಂದು ದಿನ ಆ ಮೌನದಲ್ಲಿ, ಇನ್ನೂ ಸರ್ಕಾರಿ ಕೆಲಸದಲ್ಲಿರುವ ಗುಮಾಸ್ತರೊಬ್ಬರು ಕೆಮ್ಮಿದರು. ಸಾಹೇಬರು ತಿರುಗಿ ನೋಡಿದರು.

"ಸಾರ್, ಅದು ಬರೀ ಕೆಮ್ಮು. ಅದರಲ್ಲಿ ನನ್ನ ಅಭಿಪ್ರಾಯ ಏನೂ ಇಲ್ಲ."

ಪೆನ್ಷನ್

ಕರಡು ತಿದ್ದಲು ನನಗೇ ಕೊಟ್ಟಿದ್ದರು. ಹನ್ನೊಂದನೇ ಅಧ್ಯಾಯದಲ್ಲಿ ಹೆಗ್ಗನಹಳ್ಳಿ ಕಡೆಯ ಒಂದು ರಸ್ತೆ ಬರುತ್ತದೆ. ಅದರಡಿ ಹಳೇ ಊರಬಾವಿ. ಬಾವಿ ಮೇಲೆ ಚಪ್ಪಡಿ, ಚಪ್ಪಡಿ ಮೇಲೆ ಟಾರು, ಟಾರಿನ ಮೇಲೆ ಬಸ್ಸು. ಸಾಹೇಬರ ಜಾಗಕ್ಕೆ ಬಂದ ಎಂಜಿನಿಯರಮ್ಮ ಪಕ್ಕದಿಂದ ಸದ್ದಿಲ್ಲದೆ ಆ ಬಾವಿಗೆ ಮಣ್ಣು ತುಂಬಿಸುತ್ತಿದ್ದರು. ಬಸ್ಸು ನಿಲ್ಲಿಸಲು ಮೇಲಿನಿಂದ ಅನುಮತಿ ಬಂದಿರಲಿಲ್ಲ. ಗುರುಗಳಲ್ಲವೇ ಎಂದು ಎಲ್ಲವನ್ನೂ ಇವರಿಗೆ ಹೇಳಿಕೊಂಡಿದ್ದರು. ಈಗ ಪುಸ್ತಕದ ಸುದ್ದಿ ಕೇಳಿ ಓಡಿ ಬಂದರು.

"ತುಂಬೋವರೆಗೂ ತಡೀರಿ ಸಾರ್. ಜನ ನೋಡೋಕೆ ಬಂದು ಚಪ್ಪಡಿ ಮೇಲೆ ನಿಂತರೆ ಏನು ಗತಿ? ನಾನು ಹೇಳಿದ್ದು ಅಂತ ಗೊತ್ತಾದ್ರೆ ನನ್ನ ಕೆಲಸಾನೂ ಹೋಗುತ್ತೆ."

"ನಿನ್ನ ಹೆಸರು ಆ ಅಧ್ಯಾಯದಲ್ಲಿ ಎಲ್ಲೂ ಬರಲ್ಲ. ಆದ್ರೆ ಜನಕ್ಕೆ ತಿಳ್ಕೊಳೋ ಹಕ್ಕಿದೆ ಕಣಮ್ಮ."

"ನೀವು ಸರ್ವೀಸಲ್ಲಿ ಇದ್ದಾಗ್ಲೂ ಇತ್ತಲ್ಲ ಸಾರ್?"

"ಆಗ ನನಗೆ ಪೆನ್ಷನ್ ಶುರುವಾಗಿರ್ಲಿಲ್ಲ."

ರಾಟೆ

ಒಂದು ಮಧ್ಯಾಹ್ನ ಸಾಹೇಬರೊಂದಿಗೆ ಜಾಗ ನೋಡಲು ಹೋದೆ. ಬಸ್ಸು ದಾಟಿದ ಮೇಲೆ ಬಗ್ಗಿ ಕಿವಿಯಿಟ್ಟೆ. ಕೆಳಗೆ ರಾಟೆ ಕಿರ್ ಎಂದಿತು. ಹಗ್ಗ ಇಳಿಯಿತು. ಬಿಂದಿಗೆ ನೀರು ಮುಟ್ಟಿತು. ಆಮೇಲೆ ಯಾರೋ ನಿಧಾನವಾಗಿ ಸೇದತೊಡಗಿದರು.

ಸಾಹೇಬರು ಬೆವರೊರೆಸಿಕೊಂಡರು. "ರಾಟೆ ಹೇಗೆ ಇರುತ್ತೆ? ಅದನ್ನ ಚಪ್ಪಡಿ ಹಾಕಿಸಿದ ದಿನಾನೇ ಬಿಚ್ಚಿಸಿದ್ದೆ. ನಮ್ಮನೆ ವರಾಂಡದಲ್ಲಿ ಅದಕ್ಕೆ ಕುಂಡ ನೇತಾಕಿದೀನಿ."

ಎದುರಿನ ಟೀ ಅಂಗಡಿಯವನು ಕೂಗಿದ: "ಅದು ದಿನಾ ಇದ್ದಿದ್ದೇ ಸಾರ್, ಏನೂ ಮಾಡಲ್ಲ. ಪಕ್ಕಕ್ಕೆ ಬನ್ನಿ, ಬಸ್ಸು ಮಾಡುತ್ತೆ."

ಅಂದು ಸಂಜೆಯೇ ಸಾಹೇಬರು ಹನ್ನೊಂದನೇ ಅಧ್ಯಾಯದಿಂದ ಒಂದು ವಾಕ್ಯ ತೆಗೆಸಿದರು. ಅದು ರಾಟೆ ಮನೆಗೆ ತಂದ ವಾಕ್ಯ.

ಕೃತಜ್ಞತೆ

ಪುಸ್ತಕ ಬಂತು. ಓದುಗರೂ ಬಾವಿ ಹುಡುಕಿ ಬಂದರು. ಪುಸ್ತಕ ತೆರೆದಿಟ್ಟುಕೊಂಡು ಚಪ್ಪಡಿಗೆ ಕಿವಿಗೊಟ್ಟು ರಸ್ತೆಯಲ್ಲೇ ಮಲಗಿದರು. ಎಂಜಿನಿಯರಮ್ಮ ವಿಷಲ್ ಊದುತ್ತಾ ಓಡಾಡುತ್ತಿದ್ದರು.

"ಎದ್ದೇಳಿ ಸಾರ್! ಕುಸಿಯುತ್ತೆ!"

"ಒಂದ್ನಿಮಿಷ ಮೇಡಂ, ಬಿಂದಿಗೆ ಈಗ ಮೇಲೆ ಬರ್ತಾ ಇದೆ."

ಚಪ್ಪಡಿ ಲಟಕ್ಕೆಂದಿತು. ಎಲ್ಲರೂ ಎದ್ದು ಓಡಿದರು. ಬಿರುಕಿನೊಳಗೆ ಪುಸ್ತಕದ ಒಂದು ಪ್ರತಿ ಜಾರಿತು. ಅದು ನೀರಿಗೆ ಬಿದ್ದ ಸದ್ದು ಬರಲೇ ಇಲ್ಲ. ರಾಟೆಯ ಸದ್ದೂ ನಿಂತಿತು.

"ಓದ್ತಾ ಇರ್ಬೇಕು," ಎಂದ ಟೀ ಅಂಗಡಿಯವನು.

ಸಾಹೇಬರು ಮಾತಿಗೆ ತಪ್ಪಿರಲಿಲ್ಲ. ಆ ಅಧ್ಯಾಯದಲ್ಲಿ ಎಂಜಿನಿಯರಮ್ಮನ ಹೆಸರು ಎಲ್ಲೂ ಇರಲಿಲ್ಲ. ಆದರೆ ಕೊನೆ ಗಳಿಗೆಯಲ್ಲಿ, ನನಗೂ ತೋರಿಸದೆ, ಕೃತಜ್ಞತೆಯ ಪುಟವೊಂದನ್ನು ಸೇರಿಸಿದ್ದರು. ಅಲ್ಲಿ ಆಕೆಯ ಹೆಸರು, ಹುದ್ದೆ ಸಹಿತ ದಪ್ಪಕ್ಷರದಲ್ಲಿತ್ತು: ಒಳಗಿನ ವಿವರಗಳನ್ನೆಲ್ಲ ಮನಬಿಚ್ಚಿ ಕೊಟ್ಟ ಪ್ರೀತಿಯ ಶಿಷ್ಯೆಗೆ.

ಯಾರಿಗೂ ಗಾಯವಾಗಲಿಲ್ಲ. ಆಕೆ ಅಮಾನತಿನಲ್ಲಿದ್ದಾರೆ. ಬಾವಿ ತುಂಬುವ ಕೆಲಸ ಅರ್ಧಕ್ಕೆ ನಿಂತಿದೆ. ಪುಸ್ತಕ ಎರಡನೇ ಮುದ್ರಣಕ್ಕೆ ಹೋಗಿದೆ.