ದೊರೆಸ್ವಾಮಿಗಳ ಮೇಲಿನ ಹಲ್ಲು

ದೊರೆಸ್ವಾಮಿಯವರು ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಅಂಬಾಸಿಡರ್ ಕಾರನ್ನು ಹಲ್ಲಿನಿಂದ ಎಳೆದಿದ್ದರು. ಈ ಸಂಗತಿಯನ್ನು ಕೇಳದವರು ಯಾರಾದರೂ ಬಸವನಗುಡಿಯಲ್ಲಿದ್ದರೆ ಅವರು ಆ ಬಡಾವಣೆಗೆ ಹೊಸಬರೆಂದೇ ತಿಳಿಯಬೇಕು. ತಿಂಗಳುಗಟ್ಟಲೆ ಮನೆಯ ಬಾವಿಯ ಹಗ್ಗವನ್ನು ಕಚ್ಚಿ ತುಂಬಿದ ಕೊಡವನ್ನು ಮೇಲೆತ್ತುವ ಅಭ್ಯಾಸ ಮಾಡಿ, ದವಡೆ ಊದಿಸಿಕೊಂಡು, ತಾಯಿಯಿಂದ ಬೈಸಿಕೊಂಡು, ಗಂಜಿ ಕುಡಿದು ಮಲಗಿ, ಮತ್ತೆ ಎದ್ದು ಕಚ್ಚಿ, ಕೊನೆಗೆ ಕಾಲೇಜಿನ ವಾರ್ಷಿಕೋತ್ಸವದ ದಿನ ಪ್ರಿನ್ಸಿಪಾಲರ ಕಾರನ್ನು ಮೈದಾನದ ಈ ತುದಿಯಿಂದ ಆ ತುದಿಗೆ ಎಳೆದೇಬಿಟ್ಟರು. ಅಂದಿನ ಚಪ್ಪಾಳೆ ಹನುಮಂತನಗರದ ಗುಡ್ಡದವರೆಗೂ ಕೇಳಿಸಿತೆಂದು ಅವರ ಅಂದಾಜು. ಕಾರಿನೊಳಗೆ ಪ್ರಿನ್ಸಿಪಾಲರೂ ಕುಳಿತಿದ್ದರೆಂಬುದು ಈಚಿನ ವರ್ಷಗಳಲ್ಲಿ ಸೇರಿಕೊಂಡ ವಿವರ.

ಅಂಥ ಹಲ್ಲುಗಳ ಪೈಕಿ ಈಗ ಒಂದೂ ಉಳಿದಿರಲಿಲ್ಲ. ನಿವೃತ್ತರಾಗುವ ಸಹೋದ್ಯೋಗಿಗಳಂತೆ ಅವು ಒಂದೊಂದಾಗಿ ಬೀಳ್ಕೊಂಡು ಹೋಗಿದ್ದವು. ಎಪ್ಪತ್ತು ದಾಟಿದ ದೊರೆಸ್ವಾಮಿಯವರ ನಗು ರಾತ್ರಿಯೆಲ್ಲ ಸ್ಟೀಲ್ ಲೋಟದ ನೀರಿನಲ್ಲಿ ನೆನೆದು, ಬೆಳಿಗ್ಗೆ ಬಾಯಿಗೆ ಏರುತ್ತಿತ್ತು. ಹೆಂಡತಿ ಭಾಗೀರಥಮ್ಮನವರು ಕರಿದ ಕೋಡುಬಳೆಯನ್ನು ಕಟುಮ್ಮೆನ್ನಿಸಿ ಕಡಿಯುವ ಭಾಗ್ಯ ಹೋಗಿ, ಅದನ್ನು ಸಾರಿನಲ್ಲಿ ಅದ್ದಿ ಚೀಪುವ ಕಾಲ ಬಂದು ಬಹಳ ದಿನಗಳಾಗಿದ್ದವು.

ಹೀಗಿರುವಾಗ ಅವರು ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದರು. ಓದಿ ಸುಮ್ಮನಿರದೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಗೆಳೆಯರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಹಲ್ಲು ಮೊಳೆಯದಂತೆ ತಡೆಯುವ ಪ್ರೋಟೀನೊಂದು ನಮ್ಮ ಶರೀರದಲ್ಲಿದೆಯಂತೆ. ಅದನ್ನು ಕಟ್ಟಿಹಾಕುವ ಔಷಧವನ್ನು ಜಪಾನಿನವರು ಕಂಡುಹಿಡಿದಿದ್ದಾರಂತೆ. ಇಲಿಗಳಿಗೆ ಹೊಸ ಹಲ್ಲು ಬಂದವಂತೆ. ಈಗ ಮನುಷ್ಯರ ಮೇಲೂ ಪರೀಕ್ಷೆ ನಡೆದಿದೆಯಂತೆ.

"ಇಲಿಗೆ ಇನ್ನೂ ಹಲ್ಲು ಯಾಕ್ರೀ ಸ್ವಾಮಿ?" ಎಂದರು ಹಿಂದಿನ ಬೀದಿಯ ಸೊಣ್ಣಪ್ಪ. "ಇರೋ ಹಲ್ಲಲ್ಲೇ ನಮ್ಮನೆ ವೈರೆಲ್ಲ ಖಾಲಿ ಮಾಡಿದಾವೆ!"

ಎಲ್ಲರೂ ನಕ್ಕರು. ದೊರೆಸ್ವಾಮಿಯವರು ನಗಲಿಲ್ಲ. ಏಕೆಂದರೆ ಹತ್ತಿರದ ದಂತ ಕಾಲೇಜಿನವರು, ಕಟ್ಟಿಸಿದ ಹಲ್ಲಿನಿಂದ ಹಿರಿಯರ ವಸಡಿಗಾಗುವ ನೋವಿನ ಬಗ್ಗೆ ಸಂಶೋಧನೆ ನಡೆಸುತ್ತ, ಹಚ್ಚಿಕೊಳ್ಳಲು ಅವರಿಗೂ ಒಂದು ಮುಲಾಮು ಕೊಟ್ಟಿದ್ದರು. ಅದರಲ್ಲಿ ಏನಿದೆಯೋ ಯಾರು ಬಲ್ಲರು?

ಆ ಶುಕ್ರವಾರ ಬೆಳಿಗ್ಗೆ ಮೇಲಿನ ಹಲ್ಲಿನ ಸೆಟ್ಟು ಕೂರಲಿಲ್ಲ. ಹಾಕಿದರೆ ಮುನಿಸಿಕೊಂಡ ಬೀಗರಂತೆ ಒಂದು ಕಡೆ ಎದ್ದು ನಿಲ್ಲುತ್ತಿತ್ತು. ಬೆರಳಾಡಿಸಿದರು. ವಸಡಿನ ಎಡಕ್ಕೆ ಏನೋ ಚುಚ್ಚಿತು.

"ಭಾಗೀ! ಟಾರ್ಚ್ ತಗೊಂಡ್ಬಾ!"

"ಬೆಳಗಾಗಿದೆಯಲ್ಲ, ಟಾರ್ಚ್ ಯಾಕೆ?"

"ಬಾಯೊಳಗೆ ಇನ್ನೂ ಬೆಳಗಾಗಿಲ್ಲ ಕಣೇ!"

ಭಾಗೀರಥಮ್ಮನವರು ಟಾರ್ಚು ಬಿಟ್ಟು ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಕೈಯಲ್ಲಿದ್ದ ಕಾಫಿ ಚಮಚದಿಂದ ಮೆಲ್ಲಗೆ ತಟ್ಟಿದರು. 'ಟಿಣ್' ಎಂದಿತು.

"ರೀ, ಇದು ಹಲ್ಲು ಕಣ್ರೀ!" ಎಂದರು ಅವರು, ತೊಟ್ಟಿಲ ಕೂಸಿನ ಬಾಯಿ ನೋಡಿದ ದನಿಯಲ್ಲಿ.

ದೊರೆಸ್ವಾಮಿಯವರ ಕಣ್ಣು ತುಂಬಿತು. "ಇವತ್ತೇ ಕೋಡುಬಳೆ ಮಾಡು."

"ಒಂದೇ ಹಲ್ಲಲ್ಲಿ ಕೋಡುಬಳೆ ತಿಂತೀರೋ, ಅದಕ್ಕೆ ತೂಗ್ಹಾಕ್ಕೋತೀರೋ?"

ಕರಿಬೇವು ಕೇಳಲು ಬಂದಿದ್ದ ಪಕ್ಕದ ಮನೆಯ ಶೈಲಜಮ್ಮನವರು ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ನಡುಮನೆಗೇ ಬಂದುಬಿಟ್ಟಿದ್ದರು. ಟಾರ್ಚಿನ ಬೆಳಕಿನಲ್ಲಿ ಅವರೂ ಇಣುಕಿದರು. ಇಣುಕಿದವರೇ ಕೆನ್ನೆಗೆ ಕೈಯಿಟ್ಟುಕೊಂಡರು.

"ಅಯ್ಯೋ, ಮೇಲಿನದು ಮೊದಲು ಬಂತಾ? ಸೋದರಮಾವನಿಗೆ ಆಗಲ್ವಲ್ರೀ!"

ಮಗುವಿಗೆ ಕೆಳಗಿನ ಹಲ್ಲು ಬಿಟ್ಟು ಮೇಲಿನ ಹಲ್ಲು ಮೊದಲು ಮೂಡಿದರೆ ಅದರ ತಾಯಿಯ ಸೋದರನಿಗೆ ಕಂಟಕವೆಂಬ ನಂಬಿಕೆ ಹಳೆಯ ಮನೆಗಳಲ್ಲಿ ಇಂದಿಗೂ ಉಂಟು.

"ಅದು ಎಳೇ ಕೂಸಿಗೆ ಹೇಳೋ ಮಾತು, ಶೈಲಜಮ್ಮ," ಎಂದರು ದೊರೆಸ್ವಾಮಿ.

"ಬಾಯಿ ಯಾರದು ಅಂತ ಹಲ್ಲಿಗೇನ್ ಗೊತ್ತು? ನಿಮಗೆ ಸೋದರಮಾವ ಇದಾರಾ?"

ಇದ್ದರು. ಚಾಮರಾಜಪೇಟೆಯ ಶೀನಣ್ಣನವರು, ತೊಂಬತ್ತರ ಹೊಸ್ತಿಲಲ್ಲಿದ್ದವರು. ದೊರೆಸ್ವಾಮಿಯ ತಂದೆ ಬೇಗ ತೀರಿಕೊಂಡಾಗ ಅಕ್ಕನ ಮಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಜೊತೆಗೆ, ಎಡಗಣ್ಣು ಹಾರಿದರೆ ಊಟ ಬಿಡುವಷ್ಟು ಶಕುನದ ಮನುಷ್ಯ. ಹೋದ ತಿಂಗಳಷ್ಟೇ ಏದುಸಿರಿಗೆಂದು ಆಸ್ಪತ್ರೆ ಸೇರಿ ಮನೆಗೆ ಮರಳಿದ್ದರು.

ದೊರೆಸ್ವಾಮಿಯವರ ಮುಖ ಇಳಿಯಿತು. "ಮಾವನ ಕಿವಿಗೆ ಮಾತ್ರ ಇದು ಬೀಳ್ಕೂಡದು. ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ?" ಎಂದು ಶೈಲಜಮ್ಮನವರು ಕರಿಬೇವನ್ನೂ ಮರೆತು ಹೊರಟರು. ಅವರ ನಡಿಗೆಯ ಬಿರುಸೇ ಮುಂದಿನದನ್ನು ಸಾರುತ್ತಿತ್ತು.

ಭಾಗೀರಥಮ್ಮನವರು ಎರಡನೆಯ ಕಾಫಿ ಸೋಸುವುದರೊಳಗೆ ಬೀದಿಯ ಅರ್ಧ ಜನ ಜಗಲಿಯಲ್ಲಿದ್ದರು. ದೊರೆಸ್ವಾಮಿಯವರು ಬಾಯಿ ತೆರೆದು, ಮುಚ್ಚಿ, ತೆರೆದು, ವಸ್ತುಪ್ರದರ್ಶನದ ಮಳಿಗೆಯಂತಾದರು. ಸೊಣ್ಣಪ್ಪನವರು ಸಾಕ್ಷಾತ್ ತಾವೇ ಹೆತ್ತವರಂತೆ ಮುಂದೆ ನಿಂತಿದ್ದರು.

"ಬೇವಿನ ಕಡ್ಡಿ ತಂದ್ಕೊಟ್ಟಿದ್ದು ಯಾರು? ನಾನು. ಹಲ್ಲೇ ಇಲ್ದೋನಿಗೆ ಬೇವಿನ ಕಡ್ಡಿ ಯಾಕೆ ಅಂತ ನಗ್ತಿದ್ರಲ್ಲ, ಈಗ ನಗ್ರೀ ನೋಡೋಣ! ಸ್ವಾಮಿ, ಇನ್ನೊಂಚೂರು ಬಾಯ್ಬಿಡಿ, ಫೋಟೋ ತೆಗೀತೀನಿ."

"ಫೋಟೋ ಬೇಡಪ್ಪ."

"ನಮ್ಮ ವಾಕಿಂಗ್ ಗ್ರೂಪಿಗೆ ಮಾತ್ರ."

ವಾಕಿಂಗ್ ಗ್ರೂಪಿನಿಂದ ಭಜನೆಯ ಗ್ರೂಪಿಗೂ, ಭಜನೆಯ ಗ್ರೂಪಿನಿಂದ ಚಾಮರಾಜಪೇಟೆಗೂ ಆ ಹಲ್ಲು ಎಷ್ಟು ಬೇಗ ತಲುಪಿತೆಂದರೆ, ಭಾಗೀರಥಮ್ಮನವರು ಕೋಡುಬಳೆಯ ಹಿಟ್ಟು ಕಲಸುತ್ತಿರುವಾಗಲೇ ಗೇಟಿನ ಮುಂದೆ ಒಂದು ಆಟೋ ನಿಂತಿತು. ಅದರಿಂದ ಶೀನಣ್ಣನವರು ಬೆನ್ನು ಮುಂದಾಗಿ ಇಳಿದರು. ಮುಖಕ್ಕೆ ಟವೆಲ್ ಸುತ್ತಿಕೊಂಡು, ಊರುಗೋಲನ್ನು ಹಿಂದಕ್ಕೆ ಆಡಿಸುತ್ತ, ಹಿಮ್ಮುಖವಾಗಿಯೇ ಗೇಟು ದಾಟಿ, ತುಳಸಿಕಟ್ಟೆಗೆ ಢಿಕ್ಕಿ ಹೊಡೆದು, ಅದಕ್ಕೆ ಕ್ಷಮೆ ಕೇಳಿ, ಜಗಲಿ ಹತ್ತಿದರು.

"ಅವನ ಮುಖ ನನಗೆ ತೋರಿಸ್ಬೇಡಿ! ದೊರೆ, ಎಲ್ಲಿದೀಯೋ?"

"ನಿಮ್ಮ ಹಿಂದೇನೇ ಇದೀನಿ ಮಾವ."

"ಅಲ್ಲೇ ಇರು. ನಿನ್ನ ಹೆಗಲ ಮೇಲೆ ಹೊತ್ತು ಬೆಳೆಸಿದ್ದು ಇದಕ್ಕೇನೋ? ಆಸ್ಪತ್ರೆಯಿಂದ ಹೇಗೋ ತಪ್ಪಿಸ್ಕೊಂಡ್ ಬಂದ್ರೆ, ನೀನಿಲ್ಲಿ ಹಲ್ಲು ಹಾಕ್ಕೊಂಡು ಕೂತಿದೀಯಲ್ಲ!"

"ನಾನೇನು ಬೇಕಂತ ಹಾಕ್ಕೊಂಡ್ನಾ? ಅದಾಗಿ ಬಂತು."

"ಬರೋದೇ ಬಂತು, ಕೆಳಗೆ ಬರೋಕೆ ಅದಕ್ಕೇನ್ ಧಾಡಿ?"

ತಮ್ಮ ಅತ್ತೆಯಿಂದ ಕಲಿತ ಪರಿಹಾರವನ್ನು ಶೈಲಜಮ್ಮನವರು ಆಗಲೇ ಸಿದ್ಧಪಡಿಸಿದ್ದರು. ಮಾವ ಅಳಿಯನ ಮುಖವನ್ನು ನೇರವಾಗಿ ನೋಡದೆ ಮೊದಲು ಎಣ್ಣೆಯಲ್ಲಿ ನೋಡಬೇಕು. ನೋಡಿ ಬೆಳ್ಳಿಯದೇನಾದರೂ ಕೊಡಬೇಕು. ದೊರೆಸ್ವಾಮಿಯವರನ್ನು ಮಣೆಯ ಮೇಲೆ ಕೂರಿಸಿದರು. ಅವರ ಮಂಡಿಗಳು ಹಳೆಯ ಕಿಟಕಿಯಂತೆ ಕಿರುಗುಟ್ಟಿದವು. ಹಣೆಗೆ ಕುಂಕುಮ ಬಿತ್ತು. ಯಾರೋ ಕೆನ್ನೆಗೆ ದೃಷ್ಟಿಬೊಟ್ಟನ್ನೂ ಇಟ್ಟರು. ಎದುರಿಗೆ ಬೋಗುಣಿಯ ತುಂಬ ಎಳ್ಳೆಣ್ಣೆ. ಹಿಂದೆ ನಿಂತ ಶೀನಣ್ಣನವರು ಟವೆಲನ್ನು ಬೆರಳಷ್ಟು ಸರಿಸಿದರು.

"ಏನ್ ಕಾಣ್ತಿದೆ?" ಎಂದು ಶೈಲಜಮ್ಮ ಕೇಳಿದರು.

"ಫ್ಯಾನು."

"ಇನ್ನೂ ಬಗ್ಗಿ."

ಶೀನಣ್ಣನವರು ಬಗ್ಗಿದರು. ಇನ್ನೂ ಬಗ್ಗಿ "ಹಾಂ, ಈಗ..." ಎನ್ನುವಷ್ಟರಲ್ಲಿ ಅವರ ಬಾಯಿಂದ ಮೇಲಿನ ಹಲ್ಲಿನ ಸೆಟ್ಟು ಇಡಿಯಾಗಿ ಜಾರಿ ಬುಳುಕ್ಕೆಂದು ಎಣ್ಣೆಯೊಳಗೆ ಬಿತ್ತು.

ಎಲ್ಲರೂ ಶೈಲಜಮ್ಮನವರ ಮುಖ ನೋಡಿದರು. ಇದು ಶುಭವೋ ಅಶುಭವೋ ಎಂಬುದಕ್ಕೆ ಅವರ ಅತ್ತೆಯೂ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಭಾಗೀರಥಮ್ಮನವರು ಸೌಟಿನಿಂದ ಹಲ್ಲನ್ನೆತ್ತಿ, ಜಗಲಿಯ ಜನರನ್ನೆಲ್ಲ "ಹೊರಡಿ, ಹೊರಡಿ, ಮುದುಕರಿಗೆ ಗಾಳಿ ಬಿಡಿ" ಎಂದು ಕಳುಹಿಸಿಬಿಟ್ಟರು. ಒಳಗೆ ಮಾವ, ಅಳಿಯ ಇಬ್ಬರೇ ಉಳಿದರು. ಶೀನಣ್ಣನವರು ಸುಧಾರಿಸಿಕೊಳ್ಳುತ್ತ ಸೊಂಟದಿಂದ ಒಂದು ಪುಟ್ಟ ಬೆಳ್ಳಿಯ ಒಳಲೆಯನ್ನು ತೆಗೆದರು. ಕೂಸುಗಳಿಗೆ ಹಾಲು ಕುಡಿಸುವಂಥದು. ಕೊಡುವಾಗ ಅವರ ಕೈ ನಡುಗುತ್ತಿತ್ತು.

"ಇಷ್ಟಕ್ಕೆಲ್ಲ ಹೆದರ್ತೀರಾ ಮಾವ? ನಿಮಗೇನೂ ಆಗಲ್ಲ."

"ನನಗೆ ಸಾಯೋ ಭಯ ಇಲ್ಲ ಕಣೋ," ಎಂದರು ಶೀನಣ್ಣ, ಬೊಚ್ಚುಬಾಯಿಯಲ್ಲಿ. "ಇವತ್ತಲ್ಲ ನಾಳೆ ಹೋಗೋನೇ. ಆದ್ರೆ ನಾಳೇನೇ ಹೋದ್ರೆ, ಜನ ನಿನ್ನ ಹಲ್ಲಿಂದ ಆಯ್ತು ಅಂತಾರೆ. ನೀನದನ್ನ ನಂಬ್ತೀಯ. ನಿನ್ನನ್ನ ನಾನು ಬಲ್ಲೆ, ಕೊರಗಿ ಕೊರಗಿ ಊಟ ಬಿಡ್ತೀಯ. ಅದಕ್ಕೇ ಭಯ."

ಅಡುಗೆಮನೆಯಿಂದ ಕೋಡುಬಳೆ ಕರಿಯುವ ಪರಿಮಳ ಬರುತ್ತಿತ್ತು. ದೊರೆಸ್ವಾಮಿಯವರು ನಾಲಗೆಯ ತುದಿಯಿಂದ ಆ ಹಲ್ಲನ್ನು ಒಮ್ಮೆ ಸವರಿದರು. ಆಮೇಲೆ ಮಣೆಯಿಂದ ಕಷ್ಟಪಟ್ಟು ಎದ್ದರು.

"ನಡೀರಿ ಮಾವ. ಕೀಳಿಸ್ಬಿಡೋಣ."

ದಂತ ಕಾಲೇಜಿನಲ್ಲಿ ಅವರಿಗೆ ಮುಲಾಮು ಕೊಟ್ಟಿದ್ದ ಡಾಕ್ಟರ್ ಚೈತನ್ಯಾ ಇನ್ನೂ ಎಳೆಯ ಹುಡುಗಿ, ನಗುಮುಖದವಳು. ದೊರೆಸ್ವಾಮಿಯವರು ಕುರ್ಚಿಯ ಮೇಲೆ ಒರಗುವ ಮೊದಲೇ ಆರೋಪ ಹೊರಿಸಿದರು. "ನಿಜ ಹೇಳಮ್ಮ. ಆ ಮುಲಾಮಲ್ಲಿ ಜಪಾನಿನ ಔಷಧಿ ಸೇರಿಸಿದ್ಯಾ?"

"ಅಯ್ಯೋ ತಾತ! ಅದು ಬರೀ ವಸಡಿನ ಉರಿಗೆ. ಜಪಾನಿನದು ಇನ್ನೂ ಪರೀಕ್ಷೇಲಿದೆ, ಇಲ್ಲಿಗೆಲ್ಲಿ ಬಂತು?"

ಎಕ್ಸ್‌ರೇ ತೆಗೆದು, ಪರದೆಯ ಮೇಲೆ ತೋರಿಸಿ ವಿವರಿಸಿದಳು. ಅದು ಹೊಸ ಹಲ್ಲೇ ಅಲ್ಲ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಹೊರಬರಬೇಕಾಗಿದ್ದ ಕೋರೆಹಲ್ಲು. ದಾರಿ ತಪ್ಪಿ ಮೂಳೆಯೊಳಗೇ ಮಲಗಿಬಿಟ್ಟಿತ್ತು. ವರ್ಷಗಳ ಕಾಲ ಸೆಟ್ಟು ಒತ್ತಿ ಒತ್ತಿ ಮೇಲಿನ ಮೂಳೆ ಸವೆದ ಮೇಲೆ ಇಣುಕಿದೆ. ಮದುವೆ ಮುಗಿದು, ಚಪ್ಪರ ಬಿಚ್ಚಿ, ಬಾಣಸಿಗರೂ ಹೋದ ಮೇಲೆ ಉಡುಗೊರೆ ಹಿಡಿದು ಬಂದ ನೆಂಟನ ಹಾಗೆ.

"ಸುತ್ತ ಕೀವಾಗಿದೆ ತಾತ. ನೀವು ಹೇಳ್ದಿದ್ರೂ ನಾನು ಕೀಳ್ಲೇಬೇಕಿತ್ತು."

ಮಾವನಿಗಾಗಿ ಮಾಡಹೊರಟ ತ್ಯಾಗಕ್ಕೆ ತ್ಯಾಗವೆಂಬ ಬೆಲೆಯೂ ಉಳಿಯಲಿಲ್ಲ. ದೊರೆಸ್ವಾಮಿಯವರು ನಿಟ್ಟುಸಿರಿಟ್ಟು, "ಈ ಬಾಯಿ ಎಂಥದು ಗೊತ್ತೇನಮ್ಮ? ನನಗಾಗ ಹತ್ತೊಂಬತ್ತು. ಒಂದು ಅಂಬಾಸಿಡರ್ ಕಾರಿಗೆ ಹಗ್ಗ ಕಟ್ಟಿ..." ಎಂದು ಆರಂಭಿಸಿದರು. ಅಷ್ಟರಲ್ಲಿ ಸೂಜಿ ಒಳಗಿಳಿಯಿತು. ಕಾರು ಅಲ್ಲೇ ನಿಂತಿತು.

ಹಲ್ಲು ಕಿತ್ತು ಬಂತು. ಬಾಯಿಗೆ ಹತ್ತಿಯುಂಡೆ ಹೋಯಿತು. ಅದನ್ನು ತೆಗೆಯುವವರೆಗೂ ಮಾತಾಡಕೂಡದು; ಗಾಯ ಮಾಯುವವರೆಗೂ ಮೇಲಿನ ಸೆಟ್ಟು ಹಾಕಕೂಡದು; ಗಂಜಿ, ಅಂಬಲಿಯೇ ಗತಿ ಎಂದು ಕಟ್ಟಪ್ಪಣೆಯಾಯಿತು. ಜೊತೆಗೆ ಬಂದಿದ್ದ ಭಾಗೀರಥಮ್ಮನವರು ಡಬ್ಬಿಯಲ್ಲಿ ತಂದಿದ್ದ ಕೋಡುಬಳೆಯನ್ನು ಸದ್ದಿಲ್ಲದೆ ಸೆರಗಿನೊಳಗೆ ಮರೆಮಾಡಿದರು.

"ನಿಮ್ಮ ಮನೆತನದಲ್ಲಿ ಇನ್ಯಾರಿಗಾದ್ರೂ ಹೀಗೆ ಹಲ್ಲು ಒಳಗೇ ಉಳ್ಕೊಂಡಿತ್ತಾ?" ಎಂದು ಚೈತನ್ಯಾ ಕೇಳಿದಳು. "ಇದು ಎಷ್ಟೋ ಸಲ ವಂಶದಲ್ಲಿ ಹರಿದು ಬರುತ್ತೆ. ನಾನೀಗ ಅದರ ಮೇಲೂ ಸಂಶೋಧನೆ ಮಾಡ್ತಿದೀನಿ. ತಾಯಿ ಕಡೆ ಯಾರಾದ್ರೂ?"

ಎಲ್ಲರ ದೃಷ್ಟಿಯೂ ಮೂಲೆಯ ಕುರ್ಚಿಯತ್ತ ತಿರುಗಿತು. ಶೀನಣ್ಣನವರು ಟವೆಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಅವರ ಎಕ್ಸ್‌ರೇ ಪರದೆಯ ಮೇಲೆ ಮೂಡಿದಾಗ ಚೈತನ್ಯಾ ಸಂತೋಷದಿಂದ ಚಿಟಿಕೆ ಹೊಡೆದಳು. ಅದೇ ಮೇಲ್ದವಡೆ, ಅದೇ ಎಡಭಾಗ, ಅದೇ ಕೋರೆಹಲ್ಲು, ಅಡ್ಡಲಾಗಿ ಮಲಗಿ ನಿದ್ರಿಸುತ್ತಿತ್ತು.

"ಸರಿಹೋಯ್ತು!" ಎಂದರು ಭಾಗೀರಥಮ್ಮ. "ಹಲ್ಲಿಂದ ಮಾವನಿಗೆ ಕಂಟಕ ಅಂತ ಬೆಳಿಗ್ಗೆಯಿಂದ ಒದ್ದಾಡಿದ್ವಿ. ಕಂಟಕ ಬಂದಿರೋದು ಮಾವನ ಮನೆಯಿಂದ್ಲೇ!"

ಶೀನಣ್ಣನವರಿಗೆ ಬೇರೆಯೇ ಚಿಂತೆ. "ನಂದನ್ನೂ ಕೀಳ್ತೀಯೇನಮ್ಮ?"

"ಬೇಡ ತಾತ. ನಿಮ್ಮದು ಆಳದಲ್ಲಿ ನೆಮ್ಮದಿಯಾಗಿದೆ. ಯಾಕೆ ಎಬ್ಬಿಸ್ಬೇಕು? ಅದು ನಿಮ್ಮ ಹತ್ರಾನೇ ಇರ್ಲಿ."

ಶೀನಣ್ಣನವರು ಈ ಮಾತನ್ನು ನಿಧಾನವಾಗಿ ಜೀರ್ಣಿಸಿಕೊಂಡರು. ಟವೆಲು ಮುಖದಿಂದ ಜಾರಿ ಹೆಗಲಿಗೆ ಬಂತು. ಬೆನ್ನು ನೆಟ್ಟಗಾಯಿತು. ಬೆಳಗಿನಿಂದ ಮೊದಲ ಬಾರಿಗೆ ಅವರು ಅಳಿಯನ ಮುಖವನ್ನು ನೇರವಾಗಿ ನೋಡಿದರು.

"ನೋಡಿದ್ಯಾ ದೊರೆ? ನಮ್ಮಿಬ್ಬರಲ್ಲಿ ಈಗ ಸ್ವಂತ ಹಲ್ಲಿರೋನು ನಾನೊಬ್ನೇ!"

"ಮ್ಮ್," ಎಂದರು ದೊರೆಸ್ವಾಮಿ.

"ಅದಿರ್ಲಿ, ಆ ಕಾರಿನ ಕಥೆ ಅರ್ಧಕ್ಕೇ ನಿಂತಿತಲ್ಲ," ಎಂದಳು ಚೈತನ್ಯಾ, ಕೈ ಒರೆಸಿಕೊಳ್ಳುತ್ತ. "ಹಗ್ಗ ಕಟ್ಟಿ ಏನಾಯ್ತು?"

"ಅದಾ? ನಾನ್ಹೇಳ್ತೀನಿ ಕೇಳು," ಎಂದು ಶೀನಣ್ಣನವರು ಊರುಗೋಲನ್ನು ಬದಿಗಿಟ್ಟರು. "ಹಗ್ಗ ಕಟ್ಟಿದ್ದು ಇವನು. ಕಚ್ಚಿದ್ದು ನಾನು."

"ಮ್ಮ್! ಮ್ಮ್ಮ್!" ದೊರೆಸ್ವಾಮಿಯವರು ಕುರ್ಚಿಯಿಂದ ಅರ್ಧ ಎದ್ದರು.

"ತಾತ, ಮಾತಾಡ್ಬೇಡಿ! ರಕ್ತ ಬರುತ್ತೆ!"

ಅವರನ್ನು ಮತ್ತೆ ಒರಗಿಸಲಾಯಿತು. ಶೀನಣ್ಣನವರ ಮೈದಾನದಲ್ಲಿ ಕಾರು ಹೊರಟಿತ್ತು. ಅದರೊಳಗೆ ಪ್ರಿನ್ಸಿಪಾಲರಿದ್ದರು, ಅವರ ಹೆಂಡತಿಯಿದ್ದರು, ಹಿಂದಿನ ಸೀಟಿನಲ್ಲಿ ಗುಮಾಸ್ತರೂ ಇದ್ದರು. ದೊರೆ ಎಂಬ ಹುಡುಗ ಮುಂದೆ ಮುಂದೆ ಓಡುತ್ತ ದಾರಿಗಡ್ಡ ಬಂದ ನಾಯಿಯನ್ನು ಅಟ್ಟುತ್ತಿದ್ದ. ಬೆಳಿಗ್ಗೆ ಒಳಲೆ ಹಿಡಿಯಲಾರದೆ ನಡುಗುತ್ತಿದ್ದ ಕೈ ಈಗ ಗಾಳಿಯಲ್ಲಿ ಹಗ್ಗವನ್ನು ಗಟ್ಟಿಯಾಗಿ ಹಿಡಿದಿತ್ತು. ಬಿಳಿಚಿದ್ದ ಕೆನ್ನೆಗಳಲ್ಲಿ ರಂಗೇರಿತ್ತು. ಏದುಸಿರು ಎಲ್ಲಿ ಹೋಯಿತೋ!

ದೊರೆಸ್ವಾಮಿಯವರು ಅಲ್ಲವೆಂದು ಹೇಳಲು ಕೈಯೆತ್ತಿದರು. ಮಾವನ ಮುಖವನ್ನು ಕಂಡು, ಎತ್ತಿದ ಕೈಯನ್ನು ಸುಮ್ಮನೆ ತಮ್ಮ ಊದಿದ ಕೆನ್ನೆಯ ಮೇಲಿಟ್ಟುಕೊಂಡರು.

"ಹೌದೋ ಅಲ್ವೋ, ನೀನೇ ಹೇಳೋ ದೊರೆ!" ಎಂದು ಶೀನಣ್ಣನವರು ಸಾಕ್ಷಿ ಕೇಳಿದರು.

ದೊರೆಸ್ವಾಮಿಯವರು ಹೆಂಡತಿಯ ಕಡೆ ಒಮ್ಮೆ ನೋಡಿ, ಹೌದೆಂದು ತಲೆಯಾಡಿಸಿದರು.

ಚೈತನ್ಯಾ ಕುರ್ಚಿಯೊಂದನ್ನು ಶೀನಣ್ಣನವರ ಹತ್ತಿರಕ್ಕೆ ಎಳೆದುಕೊಂಡಳು. "ಒಂದ್ನಿಮಿಷ ಇರಿ ತಾತ, ನಮ್ಮವರನ್ನೆಲ್ಲ ಕರೀತೀನಿ. ಮೊದಲಿಂದ ಇನ್ನೊಂದ್ಸಲ ಹೇಳಿ!"