ಎರಡು ವೋಟಿನ ಬೆಂಬಲ

ನಮ್ಮ ಕಡೆ ಚುನಾವಣೆಗೆ ನಿಂತವರು ವಿರೋಧಿಗಳಿಗೆ ಹೆದರಿದ್ದು ಕಡಿಮೆ, ನನ್ನ ಸೋದರಮಾವನ ಬೆಂಬಲಕ್ಕೆ ಹೆದರಿದ್ದೇ ಹೆಚ್ಚು. ಮಾವ ಬೆಂಬಲ ಕೊಟ್ಟರೆಂದರೆ ಆ ಅಭ್ಯರ್ಥಿ ಸೋತ ಎಂದೇ ತಿಳಿಯಬೇಕು. ಮೀನುಗಾರರ ಸಂಘದಿಂದ ಹಿಡಿದು ಪಾಲಿಕೆಯವರೆಗೆ ಈ ನಿಯಮಕ್ಕೆ ಒಂದೇ ಒಂದು ಅಪವಾದ ಇಲ್ಲ! ಒಮ್ಮೆ ಒಬ್ಬರು ನಗರದಿಂದ ಹೊಳೆಯಾಚೆ ಬೆಂಗ್ರೆಯಲ್ಲಿರುವ ಮಾವನ ಮನೆಗೇ ಬಂದು, "ತಾಂಡೇಲರೇ, ನನ್ನ ಮೇಲೆ ನಿಮಗೆ ಪ್ರೀತಿ ಉಂಟು, ಗೊತ್ತುಂಟು. ಆದರೆ ಈ ಸಲ ಬೆಂಬಲ ಆಚೆಯವನಿಗೆ ಕೊಡಿ" ಎಂದು ಕೈಮುಗಿದು ಹೋಗಿದ್ದರು.

ತಾಂಡೇಲ ಎಂದರೆ ಬೋಟು ನಡೆಸುವವ. ಸಮುದ್ರದಿಂದ ಬಂದ ತಾಂಡೇಲನಿಗೆ ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಆತ ದಕ್ಷಿಣದಲ್ಲಿ ಸಿಕ್ಕಿದ್ದನ್ನು ಉತ್ತರ ಎನ್ನಬೇಕು, ಅದು ಕಸುಬಿನ ಧರ್ಮ. ನಮ್ಮ ಮಾವನಿಗೆ ಆ ಧರ್ಮ ಒಲಿಯಲೇ ಇಲ್ಲ. ಬಂಗುಡೆ ಎಲ್ಲಿ, ಎಷ್ಟು ಆಳದಲ್ಲಿ, ಎಷ್ಟು ಬುಟ್ಟಿ ಎಂಬುದನ್ನೆಲ್ಲ ಕೇಳಿದವರಿಗೆ ಕೇಳಿದಂತೆ ಹೇಳಿಬಿಡುತ್ತಿದ್ದರು. ಮರುದಿನ ಆ ಜಾಗದಲ್ಲಿ ಇಡೀ ಬಂದರೇ ಜಮಾಯಿಸುತ್ತಿತ್ತು. ಬೋಟಿನ ಮಾಲೀಕರು ಅವರನ್ನು ಸಕಲ ಗೌರವಗಳೊಂದಿಗೆ ಬೇಗನೇ ನಿವೃತ್ತಿಗೊಳಿಸಿದರು.

ಇಂಥವರು ಸೇರಬಾರದ ಜಾಗ ಯಾವುದು ಹೇಳಿ? ಮಾವ ಅದನ್ನೇ ಸೇರಿದರು. ಪಕ್ಷದ ಹೆಸರು ಬೇಡ, ಯಾವುದಾದರೂ ಕಥೆ ಇದೇ ಆಗುತ್ತಿತ್ತು. ನಲವತ್ತು ವರ್ಷ ಬೂತ್ ಏಜೆಂಟ್. ಮತದಾರರ ಪಟ್ಟಿ ಬಾಯಿಪಾಠ. ಆದರೆ ಪಕ್ಷ ನಿಲ್ಲಿಸಿದ ಅಭ್ಯರ್ಥಿ ಸರಿಯಿಲ್ಲ ಅನ್ನಿಸಿದರೆ ಒಂದು ಹಾಳೆಯಲ್ಲಿ ಬಂಡಾಯದವರಿಗೆ ಬೆಂಬಲ ಬರೆದು, ಫೆರಿ ಹತ್ತಿ, ಹೊಳೆ ದಾಟಿ, ಪತ್ರಿಕಾ ಕಚೇರಿಗೆ ಕೊಟ್ಟು ಬರುತ್ತಿದ್ದರು. ಪಾಲಿಕೆ ಚುನಾವಣೆಯಲ್ಲಿ ಅವರು ಬರೆದ ಹೇಳಿಕೆ ಹೀಗಿತ್ತು: "ಇವರು ಒಳ್ಳೆಯವರು. ಗೆಲ್ಲುವುದು ಕಷ್ಟ. ಆದರೂ ನನ್ನ ಬೆಂಬಲವಿದೆ." ಅಭ್ಯರ್ಥಿ ಅದನ್ನು ಓದಿ ಎರಡು ದಿನ ಪ್ರಚಾರಕ್ಕೇ ಹೋಗಲಿಲ್ಲವಂತೆ.

ಪಕ್ಷ ಅವರನ್ನು ಮೂರು ಸಲ ಉಚ್ಚಾಟಿಸಿತು. ಉಚ್ಚಾಟನೆಯ ಪತ್ರ ತಂದವರಿಗೆ ಪಕ್ಷದ ಕಚೇರಿಯ ಬಾಗಿಲು ತೆರೆದು, ಕುರ್ಚಿಯ ಧೂಳು ಒರೆಸಿ ಕೂರಿಸಿದವರೂ ಮಾವನೇ. ಯಾಕೆಂದರೆ ಬೀಗದ ಕೈ ಇದ್ದದ್ದು ಅವರ ಹತ್ತಿರ!

ಕಳೆದ ಲೋಕಸಭೆ ಚುನಾವಣೆಯಲ್ಲಿ ಪಕ್ಷದ ಟಿಕೆಟ್ ನಮ್ಮ ಕಡೆ ಯಾರೂ ಮುಖ ನೋಡದ ಒಬ್ಬರಿಗೆ ದೆಹಲಿಯಿಂದ ಬಂತು. ಪಕ್ಷದಲ್ಲೇ ಇದ್ದ ವಾಮಂಜೂರಿನ ಒಬ್ಬ ನಿವೃತ್ತ ನರ್ಸ್, ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸು, ಸಿಟ್ಟಿನಲ್ಲಿ ಪಕ್ಷೇತರರಾಗಿ ನಿಂತರು. ಗುರುತು ಇಸ್ತ್ರಿಪೆಟ್ಟಿಗೆ. ಜನ್ಮದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕದ ಮಾವ ಅವರಿಗೆ ಬೆಂಬಲ ಘೋಷಿಸಿದರು.

"ಅವರೇ ಯಾಕೆ ಮಾವ?" ಎಂದು ಫೆರಿಯಲ್ಲಿ ಕೇಳಿದೆ. ನಾನು ದಿನಾ ನಗರದ ಬ್ಯಾಂಕಿನ ಕೆಲಸಕ್ಕೆ ಅದೇ ಫೆರಿಯಲ್ಲಿ ಹೋಗುವವಳು.

"ಬೋಟು ಸಮುದ್ರಕ್ಕೆ ಇಳಿಯುವ ಅಳಿವೆ ಬಾಗಿಲಿನ ಹೂಳು ಯಾವಾಗ ತೆಗೀತೀರಿ ಅಂತ ನಾನು ಪಕ್ಷದ ಮೀಟಿಂಗಿನಲ್ಲಿ ಕೇಳಿದ್ದೆ. ಎಲ್ಲರೂ ಮುಂದಿನ ತಿಂಗಳು ಅಂದ್ರು. ಇವರೊಬ್ಬರೇ, 'ನನಗೆ ಗೊತ್ತಿಲ್ಲ, ಕೇಳಿ ಹೇಳ್ತೇನೆ' ಅಂದದ್ದು."

"ಕೇಳಿ ಹೇಳಿದ್ರಾ?"

"ಮುಂದಿನ ವಾರ ಬೆಂಗ್ರೆಗೇ ಬಂದ್ರು. 'ಕೇಳಿದೆ, ಅವರಿಗೂ ಗೊತ್ತಿಲ್ವಂತೆ' ಅಂದ್ರು. ಇದಕ್ಕಿಂತ ಒಳ್ಳೆ ಎಂಪಿ ಎಲ್ಲಿ ಸಿಗ್ತಾರೆ ಮಾರಾಯ್ತಿ?" ಫೆರಿ ದಡ ಮುಟ್ಟುವಾಗ ಕೇಳಿದರು, "ನಿನ್ನ ವೋಟು ಅವರಿಗೆ ಕೊಡ್ತಿಯಾ? ಆಗುವುದಿಲ್ಲ ಅಂದ್ರೂ ಬೇಜಾರಿಲ್ಲ. ಸರಿಯಾಗಿ ಹೇಳು."

"ಕೊಡ್ತೇನೆ ಮಾವ" ಎಂದೆ. ನಮ್ಮದು ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಕುಟುಂಬ, ಮಾವ ಎಂದರೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಅಲ್ಲದೆ ಇಳಿಯುವ ಗಡಿಬಿಡಿ ಬೇರೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

ಆ ಭಾನುವಾರ ನಗರದ ಪಂಪ್‌ವೆಲ್ ಹತ್ತಿರದ ಒಂದು ಸಣ್ಣ ಹಾಲಿನಲ್ಲಿ ಇಸ್ತ್ರಿಪೆಟ್ಟಿಗೆಯ ಬೆಂಬಲಿಗರ ಸಭೆ. ಮಾವ ನನ್ನನ್ನೂ ಎಳೆದುಕೊಂಡು ಹೋದರು. ಮೈಕು ಹಿಡಿದ ಒಬ್ಬರು ನಮ್ಮ ಊರಿನಿಂದ ಐದು ಸಾವಿರ ವೋಟು ಎಂದರು. ಇನ್ನೊಬ್ಬರು ಹತ್ತು ಸಾವಿರ ಎಂದರು. ಅವರ ಊರಲ್ಲಿ ಅಷ್ಟು ಜನ ಇದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ಮಾವನ ಸರದಿ ಬಂತು.

"ನಮ್ಮ ಬೂತಿನಿಂದ ಎರಡು" ಎಂದರು.

"ಎರಡು ಸಾವಿರವಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಅಲ್ಲ, ಎರಡು. ಒಂದು ನನ್ನದು, ಒಂದು ಇವಳದ್ದು, ನನ್ನ ಅಕ್ಕನ ಮಗಳು. ಹೆಂಡತಿ ಹತ್ತಿರ ಕೇಳಿದ್ದೇನೆ, ಕೊಡುವುದಿಲ್ಲ ಅಂದಿದ್ದಾಳೆ."

ಹಾಲಿಗೆ ಹಾಲೇ ನಕ್ಕಿತು. ನನಗೆ ಕುರ್ಚಿಯ ಕೆಳಗೆ ಹೋಗಿ ಕೂರೋಣ ಅನ್ನಿಸಿತು. ನರ್ಸ್ ಮಾತ್ರ ನಗದೆ, ತಮ್ಮ ಪುಸ್ತಕದಲ್ಲಿ 'ಬೆಂಗ್ರೆ, ೨' ಎಂದು ಬರೆದುಕೊಂಡರು. ಮನೆಗೆ ಬಂದು ಇದನ್ನು ಹೇಳಿದರೆ ಅತ್ತೆ, "ಇವರಿಗೆ ಮನೆಯಲ್ಲೇ ಬಹುಮತ ಇಲ್ಲ, ಸರಕಾರ ಮಾಡ್ಲಿಕ್ಕೆ ಹೊರಟಿದ್ದಾರೆ" ಎಂದು ಮೀನಿನ ಸಾರು ಬಡಿಸಿದರು.

ಮತದಾನದ ದಿನ ಮೆಷಿನ್ ಎದುರು ನಿಂತೆ. ಇಸ್ತ್ರಿಪೆಟ್ಟಿಗೆ ಕೆಳಗೆಲ್ಲೋ ಇತ್ತು. ಹೇಗೂ ಸೋಲುವವರು, ನನ್ನ ವೋಟು ಯಾಕೆ ಪೊಕ್ಕಡೆ ದಂಡವಾಗಬೇಕು ಅನ್ನಿಸಿತು. ಇಷ್ಟು ಲಕ್ಷ ವೋಟುಗಳಲ್ಲಿ ನನ್ನದೊಂದು ಯಾರಿಗೆ ಗೊತ್ತಾಗುತ್ತದೆ ಎಂದೂ ಅನ್ನಿಸಿತು. ಮೇಲಿದ್ದ ಪಕ್ಷದ ಗುರುತನ್ನು ಒತ್ತಿ ಬಂದೆ. ಹೊರಗೆ ಬೇಲಿಯ ಆಚೆ ನಿಂತಿದ್ದ ಮಾವ ನನ್ನನ್ನು ನೋಡಿ ಏನೂ ಕೇಳದೆ ನಕ್ಕರು.

ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬುದು ಎಣಿಕೆಯ ದಿನ ಮೆಷಿನ್ ಮೆಷಿನ್ ಲೆಕ್ಕದಲ್ಲಿ ಹೊರಗೆ ಬರುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ಕೂತು ದಿನವಿಡೀ ಲೆಕ್ಕ ನೋಡುವವಳಿಗೆ!

ಎಣಿಕೆ ಮುಗಿದ ಸಂಜೆ ಪಕ್ಷದ ನಾಲ್ಕು ಜನ ಕಾಗದ ಹಿಡಿದು ಮಾವನ ಜಗುಲಿಗೆ ಬಂದರು. ನಾನೂ ಅಲ್ಲಿಯೇ ಇದ್ದೆ.

"ತಾಂಡೇಲರೇ, ನಮ್ಮ ಬೂತಿನಲ್ಲಿ ಇಸ್ತ್ರಿಪೆಟ್ಟಿಗೆಗೆ ಒಂದು. ನೀವು ಎರಡು ಅಂದಿದ್ರಲ್ಲ, ಇನ್ನೊಂದು ಎಂತ ಆಯ್ತು?"

ಎಲ್ಲರೂ ನನ್ನ ಕಡೆ ತಿರುಗಿದರು. ಮಾವ ಕಾಗದ ತೆಗೆದುಕೊಂಡು, ಕನ್ನಡಕ ಹಾಕಿ, ಆ ಒಂದರ ಮೇಲೆ ಬೆರಳಿಟ್ಟು ತುಂಬ ಹೊತ್ತು ನೋಡಿದರು. ತಾವು ಯಾವುದನ್ನು ಒತ್ತಿದ್ದು ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ನಾನು ಒತ್ತಿದ್ದೂ ಅವರಿಗೆ ಆ ಕ್ಷಣದಲ್ಲೇ ಗೊತ್ತಾಯಿತು.

"ಈ ಒಂದು ಇವಳದ್ದು" ಎಂದರು. "ನಂದೇ ತಪ್ಪಿದ್ದು ಮಾರಾಯ. ನಲವತ್ತು ವರ್ಷದ ಅಭ್ಯಾಸ ಅಲ್ವಾ, ಬೆರಳು ಪಕ್ಷದ ಬಟನಿಗೇ ಹೋಯ್ತು."

ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತನ್ನ ಬೆಂಬಲವನ್ನೇ ಮರೆತ ತಾಂಡೇಲನ ಕಥೆ ಫೆರಿಯಲ್ಲಿ ತಿಂಗಳುಗಟ್ಟಲೆ ಓಡಾಡಿತು. ಮೀನು ಸಿಕ್ಕ ಜಾಗದ ವಿಷಯದಲ್ಲೂ ಸುಳ್ಳು ಹೇಳದ ಮನುಷ್ಯ ಅವರು. ಜನ ಎದುರಿಗೇ ಹಾಸ್ಯ ಮಾಡಿದರೂ "ಹೌದು, ವಯಸ್ಸಾಯ್ತು" ಎಂದು ಸುಮ್ಮನಾಗುತ್ತಿದ್ದರು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತಿದ್ದೆ. ಮಾವ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಅತ್ತು ಹಗುರಾಗುತ್ತಿದ್ದೆ.

ಹೋದ ವರ್ಷ ಮಾವ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ದಿನ ನರ್ಸ್ ಹೊಳೆ ದಾಟಿ ಬಂದಿದ್ದರು. ಅತ್ತೆಯನ್ನು ಮಾತಾಡಿಸಿ, ನನ್ನ ಕೈ ಹಿಡಿದುಕೊಂಡು, "ಬೆಂಗ್ರೆಯ ಆ ಒಂದು ವೋಟು ನಿಮ್ಮದಂತೆ. ತಾಂಡೇಲರು ಸಿಕ್ಕಿದಾಗೆಲ್ಲ ಹೇಳ್ತಿದ್ರು, ನಮ್ಮ ಹುಡುಗಿ ಮಾತು ಉಳಿಸಿದ್ಲು ಅಂತ" ಎಂದರು.

ನಾನು ತಲೆಯಾಡಿಸಿದೆ. ಎದುರಿಗಿದ್ದದ್ದು 'ಗೊತ್ತಿಲ್ಲ' ಎಂಬುದನ್ನೂ ನೆಟ್ಟಗೆ ಹೇಳುವ ಹೆಂಗಸು. ಅವರ ಮುಂದೆಯೂ ನನಗೆ ಬಾಯಿ ಬರಲಿಲ್ಲ. ಅವರು ಹೋದ ಮೇಲೆ ಹಿತ್ತಿಲಿಗೆ ಹೋಗಿ ಒಬ್ಬಳೇ ಅತ್ತುಬಿಟ್ಟೆ.

ಈ ಪ್ರಬಂಧ ನಗಿಸಲೆಂದೇ ಶುರುಮಾಡಿದ್ದು. ಆದರೆ ಬರೆದದ್ದು ಇದನ್ನು ಹೇಳುವುದಕ್ಕೆ: ಆ ಒಂದು ವೋಟು ನನ್ನದಲ್ಲ, ಮಾವನದ್ದು.