ಎರಡು ತವರಿನ ತೂಕ

ನಡೆದದ್ದು ಇಷ್ಟೆ: ನನ್ನ ಮೊಮ್ಮಗಳು ಸೌಮ್ಯಳನ್ನು ದಪ್ಪ ಮಾಡಿದ್ದು ನಾವು. ಅವಳು ಸೋಮಾರಿ ಎಂದು ಡಾಕ್ಟರರು ಅಂದುಕೊಂಡರು, ಅವಳಿಗೆ ಮನಸ್ಸಿನ ದುಃಖ ಎಂದು ಆನ್‌ಲೈನ್ ಕ್ಲಾಸಿನ ಮೇಡಂ ಅಂದುಕೊಂಡರು, ಎಲ್ಲ ತನ್ನ ಹಣೆಬರಹ ಎಂದು ಅವಳೇ ಅಂದುಕೊಂಡಳು. ಮೂವರದ್ದೂ ತಪ್ಪು. ತಿನ್ನಿಸಿದವರು ಎರಡು ಮನೆಯ ಹೆಂಗಸರು, ಅದರಲ್ಲಿ ನಾನೂ ಒಬ್ಬಳು. ನನ್ನ ಕಣ್ಣಿನ ಪೊರೆ ತೆಗೆಸದೇ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಪರೇಷನ್ ಪುತ್ತೂರಿನಲ್ಲಿ ಆದದ್ದರಿಂದ, ಬಸ್ಸಿನಲ್ಲಿ ಕುಲುಕಾಡಿ ನಮ್ಮೂರು ಆಲಂಕಾರಿಗೆ ಹೋಗುವುದು ಬೇಡ ಎಂದು ಡಾಕ್ಟರರು ಹೇಳಿದ್ದರಿಂದ, ನಾನು ಅಲ್ಲೇ ಸೌಮ್ಯಳ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂರಬೇಕಾಯಿತು. ಕೆಲಸವಿಲ್ಲದೆ ಕೂತವರಿಗೆ ಬೇರೆಯವರ ಸಂಸಾರ ಬಹಳ ಚೆನ್ನಾಗಿ ಕಾಣುತ್ತದೆ, ಕಣ್ಣು ಅರ್ಧ ಮುಚ್ಚಿದ್ದರೂ.

ಸೌಮ್ಯ, ಆಲಂಕಾರಿನಲ್ಲಿ ನನ್ನ ಜೊತೆ ಇರುವ ಮಗಳು ವಸಂತಿಯ ಮಗಳು. ಹೈಸ್ಕೂಲಿನಲ್ಲಿ ಆಟದ ಟೀಚರ್. ಅವಳ ಜೊತೆಗಿರುವವಳು ಹೇಮ, ಗುತ್ತಿಗಾರಿನ ಕಡೆಯವಳು. ಬಸ್‌ಸ್ಟ್ಯಾಂಡಿನ ಹತ್ತಿರ ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ ಇಟ್ಟಿದ್ದಾಳೆ. ಇಬ್ಬರೂ ವರ್ಷಗಳಿಂದ ಒಂದೇ ಬಾಡಿಗೆ ಮನೆಯಲ್ಲಿದ್ದಾರೆ. ಬೀದಿಯವರು ಅವರನ್ನು ಫ್ರೆಂಡ್ಸ್ ಎನ್ನುತ್ತಾರೆ. ನನಗೂ ಫ್ರೆಂಡ್ಸ್ ಇದ್ದಾರೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಯಾಕೆ ಬಿಟ್ಟೆ ಎಂದು ಅವರಲ್ಲಿ ಒಬ್ಬಳ ಹತ್ತಿರವೂ ನಾನು ಇದುವರೆಗೆ ಜಗಳ ಆಡಿಲ್ಲ. ಆ ಜಗಳ ಆಡುವುದು ಗಂಡ ಹೆಂಡತಿ ಮಾತ್ರ, ನಾನು ಆಡಿದ್ದೇನೆ, ನನಗೆ ಗೊತ್ತು. ಒಮ್ಮೆ ಸೌಮ್ಯ ಊರಿಗೆ ಬಂದವಳು ಫೋನಿನಲ್ಲಿ ಹೇಮಳ ಹತ್ತಿರ ಅದೇ ಜಗಳ ಆಡುವುದು ಕೇಳಿಸಿ, ನೇರವಾಗಿ ಕೇಳಿಬಿಟ್ಟೆ. ಸೌಮ್ಯ ಮುಖ ಬಿಳಿಚಿಕೊಂಡು, ಹೌದಜ್ಜಿ, ನನಗೆ ಹೇಮ, ಹೇಮಳಿಗೆ ನಾನು, ಇನ್ನು ಮದುವೆಯ ಮಾತು ತೆಗೆಯಬೇಡಿ ಎಂದಳು. ಗ್ಯಾಸ್ ಸಿಲಿಂಡರ್ ಯಾರ ಹೆಸರಿನಲ್ಲಿ ಉಂಟು ಎಂದು ಕೇಳಿದೆ. ತನ್ನ ಹೆಸರಿನಲ್ಲಿ ಎಂದಳು. ಸರಿ ಎಂದೆ. ಅವಳು ಇನ್ನೂ ಏನೋ ದೊಡ್ಡ ಮಾತು ಬರುತ್ತದೆಂದು ಕಾದು ನಿಂತಿದ್ದಳು, ಪಾಪ. ನನ್ನ ಹತ್ತಿರ ಅಷ್ಟೇ ಇದ್ದದ್ದು.

ವಸಂತಿಗೆ ಅಷ್ಟು ಸುಲಭವಾಗಲಿಲ್ಲ. ತುಂಬ ಅತ್ತಳು, ಫೋನ್ ಮಾಡುವುದನ್ನೇ ಬಿಟ್ಟಳು. ಗುತ್ತಿಗಾರಿನಲ್ಲಿ ಹೇಮಳ ತಾಯಿ ಲಲಿತೆಯದ್ದೂ ಅದೇ ಕತೆಯಂತೆ. ಆಮೇಲೆ ಒಂದು ದಿನ ವಸಂತಿ ಡಬ್ಬಿ ತುಂಬ ಹಲಸಿನಕಾಯಿ ಚಿಪ್ಸ್ ಕಾಯಿಸಿ, ಪುತ್ತೂರಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು, ಮಿಕ್ಸಿ ಅಂಗಡಿಗೆ ಇಳಿಸಲು ಹೇಳಿದಳು. ಲಲಿತೆಯೂ ಕಳಿಸಲು ಶುರು ಮಾಡಿದರು. ಆದರೆ ಇಬ್ಬರು ತಾಯಂದಿರಲ್ಲಿ ಒಬ್ಬರೂ ಆ ಮನೆಯ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟವರಲ್ಲ. ನಾನೇ ಮೊದಲು, ಅದೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು.

ಸೌಮ್ಯಳಿಗೆ ಈಗ ಸಕ್ಕರೆ ಕಾಯಿಲೆಯ ಅಂಚು. ಆಟದ ಟೀಚರ್ ಆಗಿ ಅವಳು ಮೈದಾನದ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದುತ್ತಾಳೆ ಎಂದು ಹೇಮ ಚಾಡಿ ಹೇಳಿದಳು. ಮುಂದಿನ ರಕ್ತ ಪರೀಕ್ಷೆಯ ಒಳಗೆ ತೂಕ ಇಳಿಯದಿದ್ದರೆ ಮಾತ್ರೆ, ಆಮೇಲೆ ಜೀವಮಾನವಿಡೀ ಮಾತ್ರೆ ಎಂದು ಡಾಕ್ಟರರು ಹೇಳಿದ್ದಾರೆ. ನನಗೆ ಇದು ತಮಾಷೆಯ ವಿಷಯವಲ್ಲ. ನನ್ನ ಗಂಡನ ಕಾಲಿನ ಬೆರಳುಗಳು ಹೋದದ್ದು ಇದೇ ಕಾಯಿಲೆಯಲ್ಲಿ. ಬೆರಳು ಹೋದ ಮೇಲೂ ಅವರು ಹಟ್ಟಿಯ ಹಿಂದೆ ನಿಂತು ಬೆಲ್ಲ ತಿನ್ನುತ್ತಿದ್ದರು, ದನದ ಮುಖ ನೋಡುತ್ತಾ. ಆ ಹಸು ಯಾರಿಗೂ ಹೇಳಲಿಲ್ಲ. ನಾನಾದರೆ ಹೇಳುತ್ತಿದ್ದೆ.

ಹಾಗಾಗಿ ಸೌಮ್ಯ ತೂಕ ಇಳಿಸುವ ಒಂದು ಆನ್‌ಲೈನ್ ಕ್ಲಾಸಿಗೆ ಸೇರಿದಳು. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಕಡ್ಡಿಯ ಹಾಗಿನ ಒಬ್ಬ ಮೇಡಂ ಬರುತ್ತಿದ್ದರು. ಕೈ ಮೇಲೆ, ಕೈ ಕೆಳಗೆ, ಅದು ಸರಿಯೇ. ಆದರೆ ಬಾಯಿ ನಿಲ್ಲುತ್ತಿರಲಿಲ್ಲ. ಹೆರಿಗೆಯ ನಂತರದ ಹೊಟ್ಟೆ ಹೀಗೆ ಒಳಗೆಳೆಯಿರಿ. ಮದುವೆಯ ರವಿಕೆ ಮತ್ತೆ ಹಾಕಿ ಗಂಡನನ್ನು ಬೆರಗುಗೊಳಿಸಿ. ಅತ್ತೆ ತುಪ್ಪ ಬಡಿಸಲು ಬಂದರೆ ನಗುತ್ತಾ ತಟ್ಟೆಗೆ ಕೈ ಅಡ್ಡ ಹಿಡಿಯಿರಿ. ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ. ನನ್ನ ಅತ್ತೆ ತುಪ್ಪ ಬಡಿಸಲು ಬಂದದ್ದನ್ನು ನಾನು ಕನಸಿನಲ್ಲಿಯೂ ಕಂಡಿಲ್ಲ. ಗಂಡನನ್ನು ಬೆರಗುಗೊಳಿಸಬೇಕಾದರೆ ರವಿಕೆ ಸಾಕಾಗುತ್ತಿರಲಿಲ್ಲ, ಮನೆಗೆ ಬೆಂಕಿ ಬೀಳಬೇಕಿತ್ತು. ಸೌಮ್ಯ ಬೆವರು ಒರೆಸುತ್ತಾ ಹಲ್ಲು ಕಚ್ಚಿಕೊಂಡು ಎಲ್ಲ ಮಾಡುತ್ತಿದ್ದಳು.

ಒಂದು ದಿನ ಮೇಡಂ ಅವಳನ್ನೇ ಹೆಸರು ಹಿಡಿದು ಕರೆದು, ನಿಮ್ಮ ತೂಕ ಇಳಿಯುತ್ತಿಲ್ಲವಲ್ಲ, ಗಂಡನ ಸಹಕಾರ ಇಲ್ಲವೇ ಎಂದು ಕೇಳಿದರು. ಸೌಮ್ಯ, ಗಂಡ ಇಲ್ಲ ಮೇಡಂ ಎಂದಳು. ಆ ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದರು. ಕ್ಲಾಸಿನಲ್ಲಿದ್ದ ಹೆಂಗಸರೆಲ್ಲ ಕೈಮುಗಿಯುವ ಚಿತ್ರ ಕಳಿಸಿದರು. ನನ್ನ ಮೊಮ್ಮಗಳು ಮದುವೆಯೇ ಆಗದೆ ವಿಧವೆಯಾದಳು. ಅದೇ ಹೊತ್ತಿಗೆ ಅವಳ ಹಿಂದೆ ಹೇಮ, ಕೂದಲಿಗೆ ಎಣ್ಣೆ ಮೆತ್ತಿಕೊಂಡು, ನನ್ನ ಸ್ಕ್ರೂಡ್ರೈವರ್ ಎಲ್ಲಿಟ್ಟೆ ಮಾರಾಯ್ತಿ ಎಂದು ಬೈಯುತ್ತಾ ಹಾದುಹೋದಳು. ಮರುದಿನ ಸೌಮ್ಯಳನ್ನು ಒಂಟಿ ಹೆಂಗಸರ ಬ್ಯಾಚಿಗೆ ಹಾಕಿದರು. ಅಲ್ಲಿ ವ್ಯಾಯಾಮವೇ ಇಲ್ಲ. ಕಣ್ಣು ಮುಚ್ಚಿ ಉಸಿರು ಬಿಡುವುದು, ದುಃಖ ಹೊರಗೆ ಹೋಯಿತು ಎಂದು ಹೇಳುವುದು. ಮೂರು ದಿನ ಉಸಿರು ಬಿಟ್ಟಳು. ದುಃಖ ಇರಲಿಲ್ಲವಾದ್ದರಿಂದ ಹೊರಗೆ ಹೋದದ್ದು ಸಿಟ್ಟು. ಲ್ಯಾಪ್‌ಟಾಪ್ ಮುಚ್ಚಿ, ಇನ್ನು ನಾನು ಯಾವ ಕ್ಲಾಸಿಗೂ ಹೋಗುದಿಲ್ಲ, ಸಕ್ಕರೆ ಬಂದರೆ ಬರಲಿ ಎಂದು ಮಲಗಿದಳು.

ಅಲ್ಲಿಂದ ಹೇಮಳ ಓಡಾಟ ಶುರುವಾಯಿತು. ಅವಳು ಮಾತಿನವಳಲ್ಲ, ಕೆಟ್ಟ ಮಿಕ್ಸಿಯನ್ನು ನೋಡುವ ಹಾಗೆ ಸೌಮ್ಯಳನ್ನು ನೋಡುತ್ತಾ ಮೊಬೈಲಿನಲ್ಲಿ ಹುಡುಕಿ ಹುಡುಕಿ, ಕೊನೆಗೆ ಇನ್ನೊಂದು ಕ್ಲಾಸು ಹಿಡಿದಳು. ಹೆಣ್ಣಿನ ಜೊತೆ ಸಂಸಾರ ಮಾಡುವ ಹೆಂಗಸರಿಗೆಂದೇ ಮಾಡಿದ್ದಂತೆ. ನನಗೆ ನಗು ಬಂತು. ಯಾರ ಮಗ್ಗುಲಲ್ಲಿ ಯಾರು ಮಲಗಿದ್ದಾರೆ ಎಂದು ಬೊಜ್ಜಿಗೆ ಗೊತ್ತಾಗುತ್ತದೆಯೇ ಎಂದು ಕೇಳಿದೆ.

“ಬೊಜ್ಜಿಗೆ ಗೊತ್ತಾಗುದಿಲ್ಲ ಅಜ್ಜಿ,” ಎಂದಳು ಹೇಮ. “ಕ್ಲಾಸು ಹೇಳಿಕೊಡುವವರಿಗೆ ಗೊತ್ತಿದ್ರೆ ಸಾಕು.”

ಈ ಎರಡನೆಯ ಮೇಡಂ ತಾನೂ ಸ್ವಲ್ಪ ಗುಂಡಗಿದ್ದರು, ನನಗೆ ಅದರಿಂದಲೇ ನಂಬಿಕೆ ಬಂತು. ಗಂಡನ ಸುದ್ದಿ ಎತ್ತಲಿಲ್ಲ. ಹೇಮಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲು ಹೇಳಿ, ಮನೆಯಲ್ಲಿ ಅಡಿಗೆ ಯಾರು, ತಿನ್ನುವುದು ಎಷ್ಟು ಹೊತ್ತಿಗೆ ಎಂದೆಲ್ಲ ಕೇಳಿ, ನಿಮ್ಮ ತಾಯಿ ಮನೆಯವರು ಹೇಗೆ ಎಂದರು. ನಮ್ಮಲ್ಲಿ ಬರುವ ಸುಮಾರು ಜನಕ್ಕೆ ಮನೆಯಿಂದ ಫೋನೇ ಇಲ್ಲ, ಹಬ್ಬದ ದಿನ ಬಾಗಿಲು ಹಾಕಿಕೊಂಡು ಒಬ್ಬರೇ ಪೊಟ್ಟಣಗಟ್ಟಲೆ ತಿನ್ನುತ್ತಾರೆ, ಅದಕ್ಕೆ ಕೇಳಿದೆ ಎಂದರು. ಆಗ ಹೇಮ, ನಮಗೆ ಹಾಗೇನಿಲ್ಲ ಮೇಡಂ, ಎರಡು ಮನೆಯಿಂದಲೂ ಡಬ್ಬಿ ಬರುತ್ತದೆ ಎಂದಳು. ಡಬ್ಬಿಯಲ್ಲಿ ಏನು ಬರುತ್ತದೆ ಎಂದು ಅವರು ಕೇಳಿದರು. ಇವಳು ಹೇಳತೊಡಗಿದಳು. ಚಿಪ್ಸ್, ಪತ್ರೊಡೆ, ಬೆಲ್ಲ ಹಾಕಿ ಕರಿದ ನೆಯ್ಯಪ್ಪ, ಕೋಳಿ ಸುಕ್ಕ, ಅದಕ್ಕೆ ರೊಟ್ಟಿ, ಎಳ್ಳುಂಡೆ, ಬಾಳೆಹಣ್ಣಿನ ಹಲ್ವ. ಮೇಡಂ ಒಂದು ಸಲ ನೀರು ಕುಡಿದರು. ಹೇಮ ಇನ್ನೂ ಹೇಳುತ್ತಿದ್ದಳು.

ಅಲ್ಲಿ ಕೂತು ಕೇಳುವಾಗ ನನಗೆ ಇಡೀ ಯಂತ್ರ ತಿರುಗುವುದು ಕಾಣಿಸಿತು. ನಮ್ಮ ಕಡೆ ಬಂದ ಡಬ್ಬಿಯನ್ನು ಖಾಲಿ ಕಳಿಸುವ ಕ್ರಮ ಇಲ್ಲ. ಈ ಹುಡುಗಿಯರಿಗೆ ಅಡಿಗೆಗೆ ಪುರುಸೊತ್ತಿಲ್ಲ. ಹಾಗಾಗಿ ವಸಂತಿಯ ಪತ್ರೊಡೆಯಲ್ಲಿ ಅರ್ಧ ಲಲಿತೆಯ ಡಬ್ಬಿಯಲ್ಲಿ ಗುತ್ತಿಗಾರಿಗೆ ಹೋಗುತ್ತದೆ, ಲಲಿತೆಯ ನೆಯ್ಯಪ್ಪದಲ್ಲಿ ಅರ್ಧ ಆಲಂಕಾರಿಗೆ ಬರುತ್ತದೆ. ನಾವು ಆ ನೆಯ್ಯಪ್ಪ ತಿಂದು, ಇಷ್ಟು ಮೆತ್ತಗೆ ಮಾಡುತ್ತಾಳಾ ಅವಳು, ನಾವು ಬಿಡುವುದುಂಟಾ ಎಂದು ಮುಂದಿನ ವಾರ ದೊಡ್ಡ ಡಬ್ಬಿ ತೆಗೆಯುತ್ತೇವೆ. ವಸಂತಿಗೆ ದೊಡ್ಡ ಡಬ್ಬಿ ಅಟ್ಟದಿಂದ ಇಳಿಸಿಕೊಟ್ಟವಳು ನಾನೇ. ಅತ್ತ ಲಲಿತೆಯೂ ದೊಡ್ಡದು ತೆಗೆಯುತ್ತಾರೆ. ಗುತ್ತಿಗಾರಿನ ರಸ್ತೆಯಲ್ಲಿ ಆನೆ ನಿಂತು ಬಸ್ಸು ಮಧ್ಯಾಹ್ನಕ್ಕೆ ಜಾಲ್ಸೂರು ದಾಟಿದ ದಿನವೂ ಡಬ್ಬಿ ತಪ್ಪಲಿಲ್ಲವಂತೆ.

ಬೇರೆ ಮದುವೆಗಳಲ್ಲಿ ಹೀಗೆ ಆಗುವುದಿಲ್ಲ. ಹೆಣ್ಣಿನ ಕಡೆಯವರು ಕಳಿಸುತ್ತಾರೆ, ಗಂಡಿನ ಕಡೆಯವರು ತಿಂದು ಮೂಗು ಮುರಿಯುತ್ತಾರೆ. ಕಳಿಸಿದವರಿಗೆ ಬೇಸರವಾಗಿ ಒಂದೆರಡು ವರ್ಷದಲ್ಲಿ ಎಲ್ಲ ಅಳತೆಗೆ ಬರುತ್ತದೆ. ಇಲ್ಲಿ ಇಬ್ಬರೂ ಹೆಣ್ಣಿನ ಕಡೆಯವರು. ಎರಡು ತವರು, ಮೂಗು ಮುರಿಯಲು ಒಂದು ಜನ ಇಲ್ಲ. ನಡುವೆ ಈ ಇಬ್ಬರು ತಿಂದು ತಿಂದು ಊದುತ್ತಿದ್ದಾರೆ.

ಮೇಡಂ ಡಬ್ಬಿ ನಿಲ್ಲಿಸಿ ನೋಡಿ ಎಂದರು. ಕ್ಲಾಸು ಮುಗಿದ ಮೇಲೆ ನಾನೂ ಅದನ್ನೇ ಹೇಳಿದೆ, ಈಗಲೇ ವಸಂತಿಗೆ ಫೋನ್ ಮಾಡು ಎಂದೆ. ಸೌಮ್ಯ ಕಾಲಿನ ಸಾಕ್ಸ್ ಕಳಚುತ್ತಿದ್ದಳು.

“ಆಗುದಿಲ್ಲ ಅಜ್ಜಿ,” ಎಂದಳು.

“ಎಂತ ಆಗುದಿಲ್ಲ? ಬೆರಳು ಹೋಗಬೇಕಾ ನಿನಗೆ?”

“ಅಮ್ಮ ನನ್ನ ಹತ್ರ ಮಾತಾಡುದೇ ಡಬ್ಬಿ ಬಂತಾ ಅಂತ ಕೇಳ್ಲಿಕ್ಕೆ. ಹೇಮನ ಅಮ್ಮ ಕೂಡಾ ಅಷ್ಟೇ. ಡಬ್ಬಿ ನಿಲ್ಲಿಸಿದ್ರೆ ಮತ್ತೆ ಎಂತ ಉಂಟು? ನಾನು ಮಾತ್ರೆ ತಿಂತೇನೆ, ಬಿಡಿ.”

ನನಗೆ ತಲೆ ಕೆಟ್ಟುಹೋಯಿತು. ಒಬ್ಬಳು ಬಾಯಲ್ಲಿ ಹೇಳಲಾಗದ್ದನ್ನು ಎಣ್ಣೆಯಲ್ಲಿ ಕರಿದು ಕಳಿಸುತ್ತಾಳೆ, ಇನ್ನೊಬ್ಬಳು ಅದನ್ನು ತಿಂದು ಸಕ್ಕರೆ ಬರಿಸಿಕೊಳ್ಳುತ್ತಾಳೆ, ಇಬ್ಬರೂ ಓದಿದವರು. ನಾನು ಐದನೆಯ ಕ್ಲಾಸು, ನನಗೆ ಇಂಥ ಬುದ್ಧಿ ಬರಲಿಲ್ಲ. ಸಂಜೆ ಹೇಮಳ ಫೋನಿನಿಂದ ಲಲಿತೆಗೆ ಮಾತಾಡಿದೆ. ಅದುವರೆಗೆ ನಾವಿಬ್ಬರು ಮಾತಾಡಿದವರಲ್ಲ, ತಿಂಡಿಯಲ್ಲಿ ಮಾತ್ರ ಪರಿಚಯ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಎರಡು ಕಡೆಯಿಂದ ತಿನ್ನಿಸಿ ಇವರನ್ನು ಕೊಲ್ಲುತ್ತಿದ್ದೇವೆ, ಯಾರಾದರೂ ಒಬ್ಬರು ಗಂಡಿನ ಕಡೆ ಆಗಲೇಬೇಕು, ನೀವು ಆಗಿ ಎಂದೆ. ಅದಕ್ಕೆ ಲಲಿತೆ, ಹೇಮ ಮಿಕ್ಸಿ ಬಿಚ್ಚುತ್ತಾಳೆಂದು ಅವಳನ್ನು ಗಂಡಿನ ಲೆಕ್ಕಕ್ಕೆ ಹಾಕುವುದಾ, ನಿಮ್ಮ ಮೊಮ್ಮಗಳು ಸೀಟಿ ಊದುವುದಿಲ್ಲವಾ, ನೀವೇ ಆಗಿ ಎಂದರು. ನಾವು ಹೆಣ್ಣು ಹೆತ್ತವರು ಎಂದೆ. ನಾವೇನು ಹೆತ್ತದ್ದು ಎಂದರು. ಗಂಡಿನ ಕಡೆಯಾಗಲು ಚಪ್ಪರದಲ್ಲಿ ಗುದ್ದಾಡುವ ಜನವನ್ನು ನಾನು ಕಂಡಿದ್ದೇನೆ. ಬೇಡ ಬೇಡ ಎಂದು ಗುದ್ದಾಡಿದವರು ಈ ಜಿಲ್ಲೆಯಲ್ಲಿ ನಾವಿಬ್ಬರೇ ಇರಬೇಕು. ಕೊನೆಗೆ ಲಲಿತೆ, ನಾಳೆಯ ಡಬ್ಬಿ ಆಗಲೇ ತುಂಬಿಸಿಟ್ಟಾಗಿದೆ, ಬೆಳಿಗ್ಗೆಯ ಬಸ್ಸಿಗೆ ಹಾಕುತ್ತೇನೆ ಎಂದು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ನಾನು ಕಪ್ಪು ಕನ್ನಡಕ ಏರಿಸಿ ಹೇಮಳ ಜೊತೆ ಅಂಗಡಿಗೆ ಹೋದೆ. ಬಸ್ಸು ಬಂತು, ಡಬ್ಬಿ ಇಳಿಯಿತು. ಹೇಮ ಗಿರಾಕಿಯ ಗ್ರೈಂಡರ್ ಎತ್ತಿಡುವಷ್ಟರಲ್ಲಿ ನಾನು ಸ್ಟೂಲಿನ ಮೇಲೆ ಕೂತು ಮುಚ್ಚಳ ತೆಗೆದೆ. ನೆಯ್ಯಪ್ಪ. ಒಂದು ತಿಂದೆ. ಇನ್ನೊಂದು ತಿಂದೆ. ಆಲಂಕಾರಿಗೆ ಮುಟ್ಟುವಾಗ ಅದು ಹಳತಾಗಿರುತ್ತಿತ್ತು, ಇಷ್ಟು ಹೊಸ ನೆಯ್ಯಪ್ಪ ನನ್ನ ಜೀವಮಾನದಲ್ಲಿ ತಿಂದದ್ದಿಲ್ಲ. ಅಂಚು ಗರಿ, ನಡು ಬೆಣ್ಣೆ. ಬಾಯಿ ಒರೆಸಿಕೊಂಡು ಲಲಿತೆಗೆ ಫೋನ್ ಹಚ್ಚಲು ಹೇಳಿದೆ.

“ನಿಮ್ಮ ನೆಯ್ಯಪ್ಪ ತಿಂದೆ,” ಎಂದೆ. “ಎಣ್ಣೆ ಸೋರುತ್ತದೆ. ನಡು ಬೆಂದಿಲ್ಲ. ನಮ್ಮ ಮನೆಯಲ್ಲಿ ಇಂಥದ್ದು ಯಾರೂ ತಿನ್ನುದಿಲ್ಲ. ಇನ್ನು ಕಳಿಸುದು ಬೇಡ.”

ಪಕ್ಕದಲ್ಲಿ ಹೇಮ ಸ್ಪ್ಯಾನರ್ ಹಿಡಿದು ಬಾಯಿ ಬಿಟ್ಟು ನಿಂತಿದ್ದಳು.

“ಗಂಡಿನ ಕಡೆಯವರ ಹಾಗೆ ಮಾತಾಡ್ತೀರಲ್ಲ ಅಮ್ಮ,” ಎಂದರು ಲಲಿತೆ.

“ಹೌದು. ಒಬ್ಬರು ಆಗ್ಬೇಕಲ್ಲ.”

“ಹಾಗಾದ್ರೆ ನನ್ನ ಮಗಳನ್ನು ಅಲ್ಲಿ ನೀವು ಹೇಗೆ ಇಟ್ಕೊಂಡಿದ್ದೀರಿ ಅಂತ ನನಗೆ ನೋಡ್ಬೇಕು. ಭಾನುವಾರ ನಾನೇ ಬರ್ತೇನೆ.” ಸ್ವರ ಏರಿತ್ತು. ಸಿಟ್ಟಿಗೋ ಬೇರೆ ಏನಕ್ಕೋ, ನಾನು ಕೇಳಲು ಹೋಗಲಿಲ್ಲ.

“ಬನ್ನಿ. ಕೈಬೀಸಿಕೊಂಡು ಬನ್ನಿ,” ಎಂದು ಫೋನ್ ಹೇಮಳ ಕೈಗೆ ಕೊಟ್ಟೆ.

ಆಮೇಲೆ ವಸಂತಿಗೆ ಫೋನ್ ಮಾಡಿಸಿ, ನಾವು ಈಗ ಗಂಡಿನ ಕಡೆ, ಗಂಡಿನ ಕಡೆಯವರು ತಿಂಡಿ ಕಳಿಸುವ ಕ್ರಮ ಇಲ್ಲ, ಭಾನುವಾರ ಬಂದು ಹುಡುಗಿಯ ಮನೆ ನೋಡಿ ತಪ್ಪು ಹುಡುಕು, ಲಲಿತೆಯೂ ಬರುತ್ತಾರೆ, ಮರ್ಯಾದೆಯ ಸೀರೆ ಉಡು ಎಂದೆ. ಅವಳು ಅಳಲು ಶುರು ಮಾಡಿದಳು. ಅಳುವುದಿದ್ದರೆ ಬಂದು ಅಳು ಎಂದು ಫೋನ್ ಇಟ್ಟೆ. ಹೇಮ ಒಳಗೆ ಕೆಲಸಕ್ಕೆ ಹೋಗಿದ್ದಳು. ಡಬ್ಬಿಯನ್ನು ಮನೆಗೆ ಒಯ್ಯುವ ಹಾಗಿಲ್ಲ, ಸೌಮ್ಯಳ ಕಣ್ಣಿಗೆ ಬಿದ್ದರೆ ಮುಗಿಯಿತು. ಚೆಲ್ಲುವುದಕ್ಕೆ ಮನಸ್ಸು ಬರಲಿಲ್ಲ. ರಸ್ತೆಗೆ ಬೆನ್ನು ಹಾಕಿ ಕೂತು, ಆ ಬೇಯದ, ಎಣ್ಣೆ ಸೋರುವ ನೆಯ್ಯಪ್ಪಗಳನ್ನು ಒಂದೊಂದಾಗಿ ನಾನೇ ಮುಗಿಸಿದೆ.